ಅನುಸೂಯ ಮೇಡಂ ಹುಡುಕಿದ ಹನ್ನೊಂದು ಹೆಂಗಸರು

ಹೊಸದುರ್ಗದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅನುಸೂಯ ಮೇಡಂ ಐದು ವರ್ಷ ಸಂಖ್ಯಾಶಾಸ್ತ್ರ ಹೇಳಿದರು. ಐದೂ ವರ್ಷ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯಬೇಕಾದವರನ್ನು ನಮ್ಮಲ್ಲಿ ಅತಿಥಿ ಅನ್ನುತ್ತಾರೆ. ನಾನು ಯಶೋದಾ, ಅಲ್ಲಿ ಅವರು ಪಾಠ ಮಾಡಿದ ಕೊನೆಯ ಬ್ಯಾಚಿನವಳು. ಅವರ ವಿಷಯ ಬರೆಯಲು ಕೂತರೆ ನನ್ನದೇ ಒಂದು ತಪ್ಪನ್ನೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ.

ಮೇಡಂ ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆಯವರು. ತಂದೆ ಪಾಲಯ್ಯ ಇವತ್ತಿಗೂ ಕುರಿ ಕಾಯುತ್ತಾರೆ. ಮನೆಯಲ್ಲಿ ಪಿಯುಸಿ ದಾಟಿದವರು ಮೇಡಂ ಒಬ್ಬರೇ. ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದಿತ್ತು ಎಂದು ನಮಗೆ ಗೊತ್ತಾದದ್ದು ಬೇರೆಯವರಿಂದ. ಎತ್ತರದ ಆಳು, ಜೋರು ದನಿ, ಕಾಟನ್ ಸೀರೆ. ಸೆರಗಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ ಅಂಟಿರುತ್ತಿತ್ತು. ಸಿಟ್ಟು ಬೇಗ ಬರುತ್ತಿತ್ತು. ಆದರೆ ಲೆಕ್ಕ ತಪ್ಪಿದ ಹುಡುಗರ ಮೇಲೆ ಒಂದು ದಿನವೂ ಅವರು ರೇಗಿದ್ದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವವರನ್ನು ಕಂಡರೆ ಮಾತ್ರ ಅವರ ಮುಖ ಕೆಂಪಾಗುತ್ತಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ನಮಗೆ ಅಧ್ಯಯನ ವಿನ್ಯಾಸ ಎಂದೊಂದು ಪೇಪರ್ ಇತ್ತು. ಜನರ ನಡುವೆ ಹೋಗಿ ಏನನ್ನಾದರೂ ತಿಳಿಯಬೇಕಾದರೆ ಯಾರನ್ನು ಆರಿಸಬೇಕು, ಹೇಗೆ ಕೇಳಬೇಕು, ಯಾವುದನ್ನು ಯಾವುದಕ್ಕೆ ಹೋಲಿಸಬೇಕು ಎಂಬ ಪಾಠ. ಅದರ ತುದಿಯಲ್ಲಿ ನಾಲ್ಕು ಸಾಲು ಸಂಶೋಧನಾ ನೀತಿ. ಹಿಂದಿನವರು ಆ ನಾಲ್ಕು ಸಾಲಿಗೆ ಒಂದು ಪುಟ ನೋಟ್ಸ್ ಬರೆಸಿ ಮುಗಿಸುತ್ತಿದ್ದರಂತೆ, ಪರೀಕ್ಷೆಯಲ್ಲಿ ಬರುವುದು ಎರಡು ಅಂಕದ ಪ್ರಶ್ನೆ ಅಷ್ಟೇ. ಮೇಡಂ ಅದಕ್ಕೆ ಮೂರು ವಾರ ತೆಗೆದುಕೊಂಡರು.

ಮೊದಲ ದಿನ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಹೆಸರು ಬರೆದು ಉತ್ತರ ತುಂಬಿ ಎಂದರು. ನಿಮ್ಮ ತೂಕ ಎಷ್ಟು, ಮನೆಯಲ್ಲಿ ಯಾರು ಕುಡಿಯುತ್ತಾರೆ, ಮನೆಯಲ್ಲಿ ಕಕ್ಕಸು ಇದೆಯೋ ಇಲ್ಲವೋ, ಎಷ್ಟು ಸಲ ಫೇಲಾಗಿದ್ದೀರಿ. ಮೇಡಂ ಕೇಳಿದ್ದಲ್ಲವೇ ಎಂದು ನಾವು ತುಂಬಿದೆವು. ಅವರು ಹಾಳೆಗಳನ್ನೆಲ್ಲ ಜೋಡಿಸಿಕೊಂಡು, ನೋಟಿಸ್ ಬೋರ್ಡಿಗೆ ಅಂಟಿಸಿ ಬರುತ್ತೇನೆ ಎಂದು ಬಾಗಿಲ ತನಕ ಹೋದರು. ಹಿಂದಿನ ಬೆಂಚಿನ ದುರುಗೇಶ್ ಎದ್ದು ನಿಂತ. ಯಾರನ್ನು ಕೇಳಿ ಅಂಟಿಸುತ್ತೀರಿ ಎಂದು ಕೇಳಿಯೇಬಿಟ್ಟ. ಮೇಡಂ ಹಿಂದಕ್ಕೆ ಬಂದು ಹಾಳೆಗಳನ್ನು ಒಬ್ಬೊಬ್ಬರ ಕೈಗೇ ವಾಪಸ್ ಕೊಟ್ಟರು.

"ಈಗ ಬಂತಲ್ಲ ಸಿಟ್ಟು, ಅದನ್ನ ಬಿಡಬ್ಯಾಡ್ರಿ. ನಾಳೆ ಯಾರದೋ ಮನೆ ಬಾಗಿಲಿಗೆ ಪೆನ್ನು ಹಿಡ್ಕಂಡು ಹೋಗ್ತೀರಲ್ಲ, ಆ ಮನೆಯವರಿಗೂ ಇಷ್ಟೇ ಸಿಟ್ಟು ಐತೆ. ಅವರು ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ."

ವಿನ್ಯಾಸದ ಪಾಠವನ್ನೂ ಅವರು ಹೀಗೆಯೇ ಕೈಗೆ ಸಿಗುವ ಹಾಗೆ ಹೇಳುತ್ತಿದ್ದರು. ನಮ್ಮೂರಿನವರಿಗೆ ತೆಂಗು ಗೊತ್ತು. ನೀರಿರುವ ತೋಟಕ್ಕೆ ಹೊಸ ಗೊಬ್ಬರ ಹಾಕಿ, ನೀರಿಲ್ಲದ ತೋಟಕ್ಕೆ ಹಾಕದೆ ಬಿಟ್ಟು, ಆಮೇಲೆ ಕಾಯಿ ಎಣಿಸಿ ಗೊಬ್ಬರ ಗೆದ್ದಿತು ಎಂದರೆ ಒಪ್ಪುತ್ತೀರಾ ಎಂದು ಕೇಳಿದರು. ಇಡೀ ಕ್ಲಾಸು ನಕ್ಕಿತು. ಎರಡು ಗುಂಪುಗಳ ನಡುವೆ ಗೊಬ್ಬರ ಒಂದೇ ವ್ಯತ್ಯಾಸವಾಗಿರಬೇಕು, ಅದಕ್ಕಾಗಿಯೇ ಚೀಟಿ ಎತ್ತಿ ಹಂಚುವುದು ಎಂದು ಅವರು ಹೇಳಿದಾಗ ನಮಗೆ ಇನ್ನೇನೂ ವಿವರಿಸಬೇಕಾಗಿರಲಿಲ್ಲ.

ಆ ಜನವರಿಯಲ್ಲೇ ಕಾಲೇಜಿಗೆ ನಾಗರಾಜ್ ಎನ್ನುವವರು ಬಂದರು. ಬಲಸಿರಿ ಎಂಬ ಪೌಷ್ಟಿಕ ಪುಡಿ ತಯಾರಿಸುವ ಕಂಪನಿಯ ಮನುಷ್ಯ. ರಕ್ತ ಕಡಿಮೆ ಇರುವ ಹಳ್ಳಿ ಹೆಂಗಸರು ಎರಡು ತಿಂಗಳು ಈ ಪುಡಿ ಕುಡಿದರೆ ರಕ್ತ ಏರುತ್ತದೆ, ಅದನ್ನು ನಿಮ್ಮ ವಿದ್ಯಾರ್ಥಿಗಳೇ ಅಳೆದು ತೋರಿಸಲಿ ಎಂದರು. ನೂರಿಪ್ಪತ್ತು ಹೆಂಗಸರಿಗೆ ಪುಡಿ, ಇನ್ನೂ ನೂರಿಪ್ಪತ್ತು ಹೆಂಗಸರಿಗೆ ಏನೂ ಇಲ್ಲ, ಅವರು ಹೋಲಿಕೆಗೆ. ಪ್ರಾಂಶುಪಾಲ ರವೀಂದ್ರ ಅವರಿಗೆ ಬಹಳ ಸಂತೋಷವಾಯಿತು. ಕಾಲೇಜಿನ ಹೆಸರಿನಲ್ಲಿ ಒಂದು ಸಂಶೋಧನೆ, ಹುಡುಗರಿಗೆ ಪ್ರಾಜೆಕ್ಟ್ ಅಂಕ, ಮುಂದೆ ತಪಾಸಣೆಗೆ ಬರುವವರಿಗೆ ತೋರಿಸಲು ಒಂದು ಫೈಲು.

ಮೇಡಂ ಬೇಡವೆನ್ನಲಿಲ್ಲ. ಸರಿಯಾಗಿ ಮಾಡಿದರೆ ಹುಡುಗರು ಕಲಿಯುತ್ತಾರೆ ಎಂದುಕೊಂಡರು. ನಾಗರಾಜ್ ತಂದ ಪಟ್ಟಿ ನೋಡಿದಾಗ ಪುಡಿ ಕುಡಿಯುವವರೆಲ್ಲ ಬಸ್ ರಸ್ತೆ ಪಕ್ಕದ ತೆಂಗಿನ ತೋಟದ ಊರುಗಳವರು, ಹೋಲಿಕೆಯವರೆಲ್ಲ ಒಳಗಿನ ಕುರಿ ಹಟ್ಟಿಗಳವರು. ಮೇಡಂ ಆ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರು. ಪ್ರತಿ ಊರಿನಲ್ಲೂ ಚೀಟಿ ಎತ್ತಿಯೇ ಹಂಚಬೇಕು ಎಂದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಎರಡು ಪುಟ ಇತ್ತು. ಅದನ್ನು ಬದಿಗಿಟ್ಟು, ಓದಿ ಹೇಳುವುದಕ್ಕೆ ಅರ್ಧ ಪುಟದ ಕನ್ನಡ ಪತ್ರವನ್ನು ತಾವೇ ಬರೆದರು. ಇದು ಸರ್ಕಾರದ್ದಲ್ಲ, ಕಂಪನಿಯದು. ಬೇಡ ಅನ್ನಬಹುದು, ನಡುವೆ ಬಿಡಲೂಬಹುದು. ನಿಮ್ಮ ರಕ್ತ ಎಷ್ಟಿದೆ ಎಂದು ಅಲ್ಲೇ ಹೇಳುತ್ತೇವೆ. ತೀರ ಕಡಿಮೆ ಇದ್ದರೆ ಆಸ್ಪತ್ರೆಗೆ ಕಳಿಸುತ್ತೇವೆ, ಹೋಲಿಕೆಯಿಂದ ಕೈಬಿಡುತ್ತೇವೆ. ಎಲ್ಲದಕ್ಕೂ ಪ್ರಾಂಶುಪಾಲರು ಆಗಲಿ ಎಂದರು. ನಾಗರಾಜ್ ತಲೆಯಾಡಿಸಿದರು.

ಫೆಬ್ರವರಿಯಲ್ಲಿ ಮೇಡಂ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹತ್ತು ದಿನ ದಾವಣಗೆರೆಗೆ ಹೋದರು. ಅವರು ಹೋದ ಮಾರನೆಯ ದಿನವೇ ಕಂಪನಿಯ ವ್ಯಾನು ಕಾಲೇಜಿನ ಮುಂದೆ ನಿಂತಿತು. ನಮ್ಮ ಕ್ಲಾಸಿನ ಹದಿನಾರು ಜನರನ್ನು ಅದರಲ್ಲಿ ಹತ್ತಿಸಿದರು. ಕೈಗೆ ಕೊಟ್ಟದ್ದು ಅದೇ ಇಂಗ್ಲಿಷ್ ಹಾಳೆ. ಕನ್ನಡದ್ದು ಎಲ್ಲಿ ಎಂದು ದುರುಗೇಶ್ ಕೇಳಿದಾಗ ಮೊದಲೇ ಪ್ರಿಂಟಾಗಿದೆ, ಟೈಮಿಲ್ಲ ಎಂಬ ಉತ್ತರ ಬಂತು. ಊರುಗಳ ಹಂಚಿಕೆಯೂ ಮೇಡಂ ಗೆರೆ ಎಳೆದಿದ್ದ ಆ ಹಳೆಯ ಪಟ್ಟಿಯದೇ. ನಾಗರಾಜ್ ನಮಗೆ ಎರಡು ಮಾತು ಹೇಳಿಕೊಟ್ಟರು. ಕೇಳಿದರೆ ಸರ್ಕಾರದ್ದು ಅನ್ನಿ. ರಕ್ತ ಎಷ್ಟು ಬಂತು ಎಂದು ಮಾತ್ರ ಹೇಳಬೇಡಿ, ಹೇಳಿದರೆ ಹೋಗಿ ಮಾತ್ರೆ ತಿನ್ನುತ್ತಾರೆ, ಹೋಲಿಕೆ ಕೆಡುತ್ತದೆ.

ನಾವು ಹಾಗೆಯೇ ಮಾಡಿದೆವು. ಮೂರು ವಾರ ಪಾಠ ಕೇಳಿದವರು ನಾವು.

ಹಾಲುರಾಮೇಶ್ವರದಿಂದ ಆಚೆಗೊಂದು ಹಟ್ಟಿ. ಅಲ್ಲಿ ಉಚ್ಚಂಗಮ್ಮ ಎಂಬಾಕೆ, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಏಳು ತಿಂಗಳ ಬಸುರಿ. ನೀರು ಕೊಟ್ಟು ಕೂರಿಸಿದಳು. ನಾನು ಅವಳ ಬೆರಳಿಗೆ ಚುಚ್ಚಿ, ಅಂಗೈಯಗಲದ ಯಂತ್ರಕ್ಕೆ ರಕ್ತದ ಹನಿ ಇಟ್ಟೆ. ಆರು ಪಾಯಿಂಟ್ ಒಂದು ಎಂದು ತೋರಿಸಿತು. ಹೆಂಗಸರಿಗೆ ಹನ್ನೆರಡು ಇರಬೇಕು, ಬಸುರಿಗೆ ಹನ್ನೊಂದಾದರೂ ಇರಬೇಕು, ಏಳಕ್ಕಿಂತ ಕೆಳಗೆ ಹೋದರೆ ಜೀವಕ್ಕೆ ಅಪಾಯ ಎಂದು ಮೇಡಂ ಹೇಳಿಕೊಟ್ಟದ್ದು ನೆನಪಿತ್ತು. ಎಷ್ಟು ಬಂತವ್ವ ಎಂದು ಅವಳು ಕೇಳಿದಳು. ಎಲ್ಲ ಸರಿ ಐತೆ ಎಂದೆ. ಅವಳು ನಕ್ಕು, ಅದೇ ಬೆರಳ ಪಕ್ಕದ ಹೆಬ್ಬೆಟ್ಟನ್ನು ಹಾಳೆಗೆ ಒತ್ತಿದಳು.

ಮೇಡಂ ವಾಪಸ್ ಬಂದ ದಿನ ಶನಿವಾರ. ಸ್ಟಾಫ್ ರೂಮಿನಲ್ಲಿ ಹಾಳೆಗಳ ಕಟ್ಟು ಬಿಚ್ಚಿ ಕೂತವರು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಎರಡು ಗಂಟೆಗೆ ನಮ್ಮ ಹದಿನಾರು ಜನರನ್ನೂ ಕರೆದರು. ಏಳಕ್ಕಿಂತ ಕಡಿಮೆ ಇರುವ ಹಾಳೆಗಳು ಹನ್ನೊಂದು. ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಈ ಹನ್ನೊಂದರಲ್ಲಿ ಎಷ್ಟು ಜನಕ್ಕೆ ವಿಷಯ ಹೇಳಿದ್ದೀರಿ ಎಂದು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳಿದರು. ನನಗೆ ಅಳು ಬಂತು.

ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದು ಹಾಳೆ ಹಿಡಿದು ನೇರ ಪ್ರಾಂಶುಪಾಲರ ಕೋಣೆಗೆ ನಡೆದರು. ನಾವು ಹೊರಗೆ ವರಾಂಡದಲ್ಲಿ ನಿಂತೆವು. ಒಳಗಿನ ಮಾತು ಕಿಟಕಿಯಿಂದ ಕೇಳುತ್ತಿತ್ತು. ಎರಡೇ ತಿಂಗಳು, ಆಮೇಲೆ ಎಲ್ಲರಿಗೂ ಒಟ್ಟಿಗೆ ಹೇಳೋಣ, ಈಗ ಹೇಳಿದರೆ ಸಂಶೋಧನೆ ಹಾಳಾಗುತ್ತದೆ ಎಂದು ರವೀಂದ್ರ ಸರ್ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು. ಸರ್ ನಾಗರಾಜ್ ಅವರನ್ನು ಫೋನಿನಲ್ಲಿ ಹಿಡಿದು ಕೇಳಿದರು. ಅವರದೂ ಅದೇ ಮಾತು. ಮೇಡಂ ದನಿ ಏರಲಿಲ್ಲ, ಇಳಿಯಿತು.

"ಇದರಾಗೆ ಇಬ್ಬರು ಬಸುರಿಯರು ಅದಾರೆ ಸರ್. ಎರಡು ತಿಂಗಳಾದ ಮ್ಯಾಲೆ ಹೇಳಾಕೆ ಅವರು ಇರಬೇಕಲ್ಲ?"

ಸರ್ ಏನೋ ಅಂದರು. ಅನುಮತಿ ಇಲ್ಲದೆ ಹೋದರೆ ಮೆಮೊ ಕೊಡಬೇಕಾಗುತ್ತದೆ ಎಂದದ್ದು ಮಾತ್ರ ಸರಿಯಾಗಿ ಕೇಳಿಸಿತು. ಮೇಡಂ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. "ನಡೀರಿ, ಹೋಗಾಣ," ಎಂದರು.

ಬಸ್ಸಿನಲ್ಲಿ ದುರುಗೇಶ್ ಒಂದು ಅನುಮಾನ ತೆಗೆದ. ಹೆಸರುಗಳನ್ನು ಗುಟ್ಟಾಗಿಡಬೇಕು ಎಂದು ನೀವೇ ಹೇಳಿದ್ದೀರಲ್ಲ, ಈಗ ಪಟ್ಟಿ ಹಿಡಿದು ಹೋಗುವುದು ತಪ್ಪಲ್ಲವೇ ಎಂದ. ಬೇರೆಯವರಿಗೆ ಹೇಳಿದರೆ ತಪ್ಪು, ಅವಳ ರಕ್ತದ ವಿಷಯ ಅವಳಿಂದಲೇ ಮುಚ್ಚಿಟ್ಟರೆ ಅದು ಗುಟ್ಟು ಕಾಯುವುದಲ್ಲ, ಕಳ್ಳತನ ಎಂದರು ಮೇಡಂ.

ಉಚ್ಚಂಗಮ್ಮನ ಮನೆ ಮುಂದೆ ಮೇಡಂ ನನ್ನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ಬಿಟ್ಟರು. ನೀನು ಹೇಳಿದ್ದನ್ನು ನೀನೇ ತಿದ್ದಬೇಕು ಎಂದರು. ನಾನು ಹೇಳಿದೆ. ಸುಳ್ಳು ಹೇಳಿದ್ದೆ ಎಂದೂ ಹೇಳಿದೆ, ಸರ್ಕಾರದ್ದಲ್ಲ ಎಂದೂ ಹೇಳಿದೆ. ಅವಳ ಗಂಡ ಗೊಲ್ಲಪ್ಪ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದವನು ಎದ್ದು ಬಂದ. ಉಚ್ಚಂಗಮ್ಮ ನನ್ನ ಕಡೆ ತಿರುಗಿದಳು.

"ನನ್ನ ರಗ್ತ ನಿಮ್ಮ ಕಾಗದಕ್ಕೆ ಗೊತ್ತಾಗಬೌದು, ನಂಗೆ ಗೊತ್ತಾಗಬಾರದಾ? ಹದಿನೈದು ದಿನದಿಂದ ಎದ್ರೆ ಕಣ್ಣು ಕತ್ಲೆ ಬರ್ತೈತೆ. ಎಲ್ಲ ಸರಿ ಐತೆ ಅಂದ್ಯಲ್ಲ, ಅದ್ಕೇ ಸುಮ್ಕಿದ್ದೆ."

ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ನೋಡಿದ ಕೂಡಲೇ ಆಂಬ್ಯುಲೆನ್ಸ್ ಹತ್ತಿಸಿ ಚಿತ್ರದುರ್ಗಕ್ಕೆ ಕಳಿಸಿದರು. ರಕ್ತ ಕೊಟ್ಟರು. ಇನ್ನೊಂದು ವಾರ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿನ ನರ್ಸಮ್ಮ ಗೊಲ್ಲಪ್ಪನಿಗೆ ಬಿಡಿಸಿ ಹೇಳಿದಳು. ಅವನು ಅದನ್ನು ನಮಗೆ ಹೇಳಿದ. ಆಗ ಅವನು ನಮ್ಮ ಮುಖ ನೋಡಲಿಲ್ಲ.

ಉಳಿದವರನ್ನು ಮೂರು ದಿನದಲ್ಲಿ ಹುಡುಕಿದೆವು. ಒಬ್ಬಳು ಹೊಳಲ್ಕೆರೆ ರಸ್ತೆಯ ಊರಿನಲ್ಲಿ, ಇಬ್ಬರು ಒಂದೇ ಮನೆಯ ಅತ್ತೆ ಸೊಸೆ, ಹೀಗೆ ಉಚ್ಚಂಗಮ್ಮನೂ ಸೇರಿ ಹತ್ತು ಜನ ಸಿಕ್ಕರು, ಎಲ್ಲರನ್ನೂ ಆಸ್ಪತ್ರೆಗೆ ಕಳಿಸಿದೆವು. ಹನ್ನೊಂದನೆಯ ದಾಕ್ಷಾಯಿಣಿ ಮಾತ್ರ ಸಿಗಲಿಲ್ಲ. ಅವಳ ಮನೆಯವರು ಕುರಿ ಹೊಡೆದುಕೊಂಡು ಹಿರಿಯೂರು ಕಡೆಗೆ ಹೋಗಿದ್ದರು, ಫೋನಿಲ್ಲ. ಮೇಡಂ ತಮ್ಮ ತಂದೆಗೆ ಫೋನು ಮಾಡಿದರು. ಪಾಲಯ್ಯಜ್ಜ ಯಾವ ಮಂದೆ ಯಾವ ದಾರಿ ಹಿಡಿಯುತ್ತದೆ, ಯಾವ ಹೊಲದಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂದು ಬಲ್ಲವರು. ಅಲ್ಲಿಲ್ಲಿ ವಿಚಾರಿಸಿ, ಮಾರನೆಯ ದಿನ ಮಧ್ಯಾಹ್ನದೊಳಗೆ ಜಾಗ ಗೊತ್ತುಮಾಡಿದರು. ಹರಿಯಬ್ಬೆಯಿಂದ ಮೂರು ಮೈಲಿ ಆಚೆ, ಈರುಳ್ಳಿ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಪಾಲಯ್ಯಜ್ಜ ನಮ್ಮ ಮುಂದೆ ನಡೆದು ಕರೆದೊಯ್ದರು. ಬಿಸಿಲಲ್ಲಿ ಕಂಬಳಿ ಹೊದ್ದು ಮುದುರಿ ಕೂತಿದ್ದ ಹೆಂಗಸು ದಾಕ್ಷಾಯಿಣಿ. ಚಳಿ ಅಂದಳು. ಇವಳದ್ದು ಐದು ಪಾಯಿಂಟ್ ಎಂಟು. ಆ ಹಾಳೆ ತುಂಬಿದ್ದು ದುರುಗೇಶ್. ಅವನೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ. ಅವಳನ್ನು ಅವತ್ತೇ ಹಿರಿಯೂರಿನ ಆಸ್ಪತ್ರೆಗೆ ಸೇರಿಸಿದೆವು.

ಪಾಲಯ್ಯಜ್ಜ ಮಗಳನ್ನು ಕೇಳಿದ್ದು ಒಂದೇ ಮಾತು. "ಕುರಿಗೆ ಸೂಜಿ ಹಾಕಾಕೂ ಕುರಿ ಯಜಮಾನ್ನ ಕೇಳ್ತಾರಲ್ಲವ್ವ. ಈ ಹೆಣ್ಮಗಳಿಗೆ ಯಜಮಾನ್ರು ಯಾರು, ಆ ಪುಡಿಯವ್ರಾ?"

ನಾವು ಕಾಲೇಜಿಗೆ ಮರಳಿದಾಗ ಮೇಡಂಗೆ ಮೆಮೊ ಕಾದಿತ್ತು. ಅನುಮತಿಯಿಲ್ಲದೆ ವಿದ್ಯಾರ್ಥಿಗಳನ್ನು ಕರೆದೊಯ್ದದ್ದು, ಸಂಶೋಧನೆಗೆ ಅಡ್ಡಿಪಡಿಸಿದ್ದು. ಅವರು ಉತ್ತರ ಬರೆದುಕೊಟ್ಟು ಹತ್ತೂವರೆಯ ಕ್ಲಾಸಿಗೆ ಬಂದು, ನಿಲ್ಲಿಸಿದ್ದ ಪಾಠವನ್ನು ಮುಂದುವರಿಸಿದರು. ಎರಡನೆಯ ಸುತ್ತಿಗೆ ನಾವು ಹದಿನಾರು ಜನವೂ ಹೋಗುವುದಿಲ್ಲ ಎಂದು ಬರೆದು ಸಹಿ ಹಾಕಿ ಪ್ರಾಂಶುಪಾಲರಿಗೆ ಕೊಟ್ಟೆವು. ಪ್ರಾಜೆಕ್ಟ್ ಅಂಕ ಸಿಗುವುದಿಲ್ಲ ಎಂದು ಹೆದರಿಸಿದರು. ಮನೆಯವರನ್ನು ಕರೆಸಿದರು. ನಮ್ಮಪ್ಪ ಬಂದು, ವಿಷಯ ಕೇಳಿ, ನನ್ನನ್ನು ಏನೂ ಅನ್ನದೆ ಎದ್ದು ಹೋದರು.

ಏಪ್ರಿಲ್ ಕೊನೆಗೆ ಎರಡನೆಯ ಸುತ್ತಿನ ಅಂಕಿಗಳು ಬಂದವು. ಯಾರು ಹೋಗಿ ಅಳೆದರು ಎಂದು ಯಾರೂ ಹೇಳಲಿಲ್ಲ. ಪುಡಿ ಕುಡಿದವರದು ಏರಿತ್ತು, ಹೋಲಿಕೆಯವರದು ಹಾಗೇ ಇತ್ತು. ಮಾರ್ಗದರ್ಶಕಿ ಎಂದು ಮೇಡಂ ಸಹಿ ಬೇಕಿತ್ತು. ಅವರು ಸಹಿ ಹಾಕುವ ಮೊದಲು ಎಣಿಸಲು ಕೂತರು. ಯಂತ್ರದಲ್ಲಿ ಅಳೆದರೆ ಪಾಯಿಂಟಿನ ನಂತರ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಹೆಚ್ಚುಕಡಿಮೆ ಸಮವಾಗಿ ಬರಬೇಕು. ನಮ್ಮ ಮೊದಲ ಸುತ್ತಿನಲ್ಲಿ ಹಾಗೇ ಬಂದಿದ್ದವು. ಇಲ್ಲಿ ಇನ್ನೂರ ನಲವತ್ತರಲ್ಲಿ ನೂರ ಅರವತ್ತು ಹಾಳೆಗಳಲ್ಲಿ ಎರಡು, ನಾಲ್ಕು, ಆರು ಮಾತ್ರ. ಕೂತು ಬರೆದವರ ಕೈಗೆ ಇಷ್ಟವಾದ ಅಂಕಿಗಳು. ಅಷ್ಟೇ ಆಗಿದ್ದರೆ ಅನುಮಾನ ಎಂದು ತಳ್ಳಿಹಾಕುತ್ತಿದ್ದರೇನೋ. ಆದರೆ ಉಚ್ಚಂಗಮ್ಮನ ಹಾಳೆಯೂ ಅದರಲ್ಲಿತ್ತು. ಏಪ್ರಿಲ್ ಹದಿನೇಳು, ಹಟ್ಟಿಯ ಮನೆಯಲ್ಲಿ, ಆರು ಪಾಯಿಂಟ್ ಎರಡು, ಕೆಳಗೆ ಹೆಬ್ಬೆಟ್ಟು. ಏಪ್ರಿಲ್ ಹದಿನೇಳರಂದು ಉಚ್ಚಂಗಮ್ಮ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂರು ದಿನದ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳ ರಕ್ತ ಆಗ ಹತ್ತರ ಹತ್ತಿರ ಇತ್ತು. ಬಿಡುಗಡೆ ಚೀಟಿಯಲ್ಲಿ ಎಲ್ಲ ಬರೆದಿದೆ.

ಮೇಡಂ ಸಹಿ ಹಾಕಲಿಲ್ಲ. ಆದರೂ ಮೇ ತಿಂಗಳಲ್ಲಿ ಹೊಸದುರ್ಗದ ಔಷಧಿ ಅಂಗಡಿಗಳಲ್ಲಿ ಬಣ್ಣದ ಕರಪತ್ರ ಬಂತು. ನಮ್ಮ ಕಾಲೇಜಿನ ಹೆಸರು, ವಿದ್ಯಾರ್ಥಿಗಳ ಸಂಶೋಧನೆಯಿಂದ ಸಾಬೀತು, ನೂರಕ್ಕೆ ತೊಂಬತ್ತೆರಡು ಮಹಿಳೆಯರಿಗೆ ಹೊಸ ಶಕ್ತಿ. ಆ ಕರಪತ್ರ ಹಿಡಿದು ಮೇಡಂ ಕ್ಲಾಸಿಗೆ ಬಂದರು. ವಿಶ್ವವಿದ್ಯಾಲಯಕ್ಕೆ ದೂರು ಬರೆದು, ಅಂಕಿಗಳ ಎಣಿಕೆ, ಎರಡೂ ಸುತ್ತಿನ ಪಟ್ಟಿ, ಉಚ್ಚಂಗಮ್ಮನನ್ನು ಕೇಳಿ ಪಡೆದ ಬಿಡುಗಡೆ ಚೀಟಿಯ ನಕಲು ಎಲ್ಲ ಸೇರಿಸಿ ಕಳಿಸಿದರು. ನಾವೂ ಸಹಿ ಹಾಕಿದೆವು. ನಾವು ಹೇಳಿದ ಸುಳ್ಳುಗಳನ್ನೂ ಅದರಲ್ಲಿ ಒಂದೊಂದಾಗಿ ಬರೆದೆವು. ಮೇಡಂ ಅದನ್ನು ಬರೆಯಲೇಬೇಕು ಎಂದಿದ್ದರು.

ಜುಲೈನಲ್ಲಿ ಇಬ್ಬರು ಸದಸ್ಯರ ಸಮಿತಿ ಬಂತು. ಕಾಲೇಜಿನ ಸಭಾಂಗಣದಲ್ಲಿ ವಿಚಾರಣೆ. ನಾಗರಾಜ್ ಬರಲಿಲ್ಲ, ಪತ್ರ ಕಳಿಸಿದ್ದರು. ಹೆಬ್ಬೆಟ್ಟು ಒತ್ತಿದ ಮೇಲೆ ಒಪ್ಪಿಗೆ ಇದ್ದಂತೆಯೇ ಎಂದು ಅದರಲ್ಲಿತ್ತು. ಉಚ್ಚಂಗಮ್ಮ ಮಗುವನ್ನು ಎತ್ತಿಕೊಂಡು ತಾನಾಗಿಯೇ ಬಂದಿದ್ದಳು. ಸಮಿತಿಯ ಹಿರಿಯರು ಆ ಇಂಗ್ಲಿಷ್ ಹಾಳೆ ತೋರಿಸಿ, ಇದಕ್ಕೆ ನೀನು ಒಪ್ಪಿದ್ದೆಯಾ ತಾಯಿ ಎಂದು ಕೇಳಿದರು.

"ಓದಿ ಹೇಳ್ರಿ ಮೊದ್ಲು," ಎಂದಳು ಅವಳು. "ಏನೈತೆ ಅಂತ ಗೊತ್ತಾದ್ರೆ ಒಪ್ಪಿದ್ನೋ ಇಲ್ವೋ ಹೇಳ್ತೀನಿ."

ಅವರು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಎರಡು ಪುಟಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಕೇಳಿ ಮುಗಿಸಿ ಅವಳು ಇಲ್ಲ ಎಂದಳು.

ಸೆಪ್ಟೆಂಬರಿನಲ್ಲಿ ವರದಿ ಬಂತು. ಅಧ್ಯಯನ ರದ್ದು. ಕರಪತ್ರದಿಂದ ಕಾಲೇಜಿನ ಹೆಸರು ತೆಗೆಯಬೇಕು. ಪ್ರಾಂಶುಪಾಲರಿಗೆ ಎಚ್ಚರಿಕೆ ಪತ್ರ. ಒಪ್ಪಿಗೆ ಪಡೆಯುವ ಕ್ರಮದಲ್ಲಿ ಸಣ್ಣ ಲೋಪವಾಗಿದೆ ಎಂಬ ಒಂದು ಸಾಲು. ಹನ್ನೊಂದು ಹೆಂಗಸರ ಬಗ್ಗೆ ಒಂದು ಅಕ್ಷರವೂ ಇಲ್ಲ. ಆ ಹೊತ್ತಿಗೆ ಮೇಡಂ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಆ ವರ್ಷದ ಅತಿಥಿಗಳ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ, ಕಾರ್ಯಭಾರ ಕಡಿಮೆಯಾಗಿದೆ ಎಂಬ ಕಾರಣಕ್ಕೆ. ಅವರ ಪೇಪರನ್ನು ಭೌತಶಾಸ್ತ್ರದವರಿಗೆ ಹಂಚಿದರು. ಬಲಸಿರಿ ಪುಡಿ ಈಗ ಬೇರೆ ಜಿಲ್ಲೆಯಲ್ಲಿ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದೆಯಂತೆ.

ಮೇಡಂ ಈಗ ಹೊಳಲ್ಕೆರೆಯಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಆ ಸಣ್ಣ ಲೋಪ ಎಂಬ ಮಾತನ್ನು ಅವರಿಗೆ ನುಂಗಲು ಆಗಿಲ್ಲ. ಆ ಎರಡು ಪದ ತೆಗೆದು, ಹನ್ನೊಂದು ಜನರಿಗೆ ಅಪಾಯ ತಿಳಿಸದೆ ಬಿಟ್ಟದ್ದನ್ನು ವರದಿಯಲ್ಲಿ ಸೇರಿಸಬೇಕೆಂದು ವಿಶ್ವವಿದ್ಯಾಲಯಕ್ಕೆ ಮೂರು ಪುಟ ಬರೆದರು. ಉತ್ತರ ಬಂದಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ನೆನಪೋಲೆ ಕಳಿಸುತ್ತಾರೆ. ಈಚೆಗೆ ಅಂಚೆ ಕಚೇರಿಯ ಮುಂದೆ ಸಿಕ್ಕಿದ್ದರು, ಕೈಯಲ್ಲಿ ರಿಜಿಸ್ಟರ್ ಮಾಡಿಸಿದ ರಸೀದಿ. ಎಷ್ಟನೆಯದು ಮೇಡಂ ಎಂದು ಕೇಳಿದೆ. ಹದಿನಾಲ್ಕು ಎಂದರು. ಬಿಡ್ರಿ ಮೇಡಂ ಎಂದು ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ಮಾತು ಬದಲಿಸಿದೆ. ಹದಿನೈದನೆಯದಕ್ಕೆ ನನ್ನ ಸಹಿಯನ್ನೂ ಸೇರಿಸಿ ಎಂದೆ.